ಚಂದ್ರನ ಮೇಲೆ ಇಳಿಯುವ ಆಟ

ನಮ್ಮ ಮನೆಗಳಲ್ಲಿ ಗಣಕಯಂತ್ರದ ಆಟಗಳಿಗೆ ಒಳ್ಳೆಯ ಹೆಸರಿಲ್ಲ. ಪರೀಕ್ಷೆ ಸಮೀಪಿಸಿತೆಂದರೆ ತಂದೆತಾಯಿಗಳು ಮೊದಲು ಬೀಗ ಹಾಕುವುದು ಅವುಗಳಿಗೇ. ಬಹುಪಾಲು ಆಟಗಳ ವಿಷಯದಲ್ಲಿ ಅವರ ಆಕ್ಷೇಪಣೆ ನ್ಯಾಯವಾದುದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಗಗನನೌಕೆಯೊಂದನ್ನು ಚಂದ್ರನ ನೆಲದ ಮೇಲೆ ಮುರಿಯದಂತೆ ಇಳಿಸುವ ಆಟವನ್ನು ಆ ಗುಂಪಿಗೆ ಸೇರಿಸುವುದು ಸರಿಯಲ್ಲ. ಒಂದು ಕಟ್ಟುಪಾಡಿಗೆ ಒಳಪಡಿಸಿ ಅದಕ್ಕೆ ನಮ್ಮ ಶಾಲೆಯ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೇ ಸ್ಥಳ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಈ ಆಟದ ಹುಟ್ಟಿಗೆ ಕಾರಣನಾದವನೇ ಒಬ್ಬ ಶಾಲಾ ವಿದ್ಯಾರ್ಥಿ. 1969ನೆಯ ಇಸವಿ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿದರಷ್ಟೆ. ಆ ವರ್ಷ ಕಳೆಯುವುದರೊಳಗೆ ಅಮೆರಿಕದ ಲೆಕ್ಸಿಂಗ್ಟನ್ ಊರಿನ ಪ್ರೌಢಶಾಲೆಯ ಜಿಮ್ ಸ್ಟೋರರ್ ಎಂಬಾತ ಇದನ್ನು ಬರೆದನು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಪ್ರತಿ ಹತ್ತು ಸೆಕೆಂಡಿನ ಲೆಕ್ಕಕ್ಕೊಮ್ಮೆ ಯಂತ್ರವು ಎತ್ತರ, ವೇಗ, ಉಳಿದ ಇಂಧನಗಳನ್ನು ತಿಳಿಸಿ, ಮುಂದೆ ಎಷ್ಟು ಇಂಧನ ಉರಿಸಬೇಕೆಂದು ಕೇಳುತ್ತದೆ. ಆಡುವವನು ಒಂದು ಅಂಕಿಯನ್ನು ಕೊಡುತ್ತಾನೆ. ಅಷ್ಟೇ ಆಟ. ಐವತ್ತೈದು ವರ್ಷಗಳ ಬಳಿಕ, 2024ರಲ್ಲಿ, ಒಬ್ಬರು ಇದರ ಅತ್ಯುತ್ತಮ ಇಳಿತವನ್ನು ಲೆಕ್ಕ ಹಾಕಲು ಹೊರಟಾಗ, ಒಂದು ಸೂತ್ರದಲ್ಲಿ ಎರಡರಿಂದ ಭಾಗಿಸುವ ಹೆಜ್ಜೆ ಬಿಟ್ಟುಹೋಗಿದ್ದುದು ಬೆಳಕಿಗೆ ಬಂದಿತು. ನಮ್ಮ ಹುಡುಗರು ಇಂದು ಆಡುವ ಕೆರ್ಬಲ್ ಸ್ಪೇಸ್ ಪ್ರೋಗ್ರಾಂ 2011ರಲ್ಲಿ ಮೆಕ್ಸಿಕೋ ದೇಶದಿಂದ ಹೊರಬಂದುದು. ನೋಡಲು ಬಹಳ ಸೊಗಸು. ತಿರುಳು ಮಾತ್ರ ಸ್ಟೋರರನದೇ.

ಆ ತಿರುಳನ್ನು ನಮ್ಮ ಕುತುಬ್ ಮಿನಾರಿನಿಂದಲೇ ತಿಳಿಯಬಹುದು. ಅದರ ಎತ್ತರ ಸುಮಾರು 73 ಮೀಟರ್. ಅದನ್ನು ಚಂದ್ರನ ಮೇಲೆ ನಿಲ್ಲಿಸಿ ತುದಿಯಿಂದ ಒಂದು ಕಲ್ಲನ್ನು ಬಿಟ್ಟರೆ, ಅಲ್ಲಿ ಗುರುತ್ವದ ವೇಗೋತ್ಕರ್ಷ 1.62 ಮಾತ್ರವಾದುದರಿಂದ, ನೆಲ ಮುಟ್ಟಲು ಒಂಬತ್ತೂವರೆ ಸೆಕೆಂಡು ಹಿಡಿಯುತ್ತದೆ. ಆದರೂ ಮುಟ್ಟುವಾಗ ಅದರ ವೇಗ ಗಂಟೆಗೆ 55 ಕಿಲೋಮೀಟರ್. ರಾಕೇಶ್ ಶರ್ಮರು 1984ರಲ್ಲಿ ಭೂಮಿಗೆ ಮರಳಿದಾಗ ಅವರ ನೌಕೆಯ ವೇಗವನ್ನು ಗಾಳಿಯೂ ಕೊಡೆಯೂ ತಗ್ಗಿಸಿದವು. ಚಂದ್ರನಲ್ಲಿ ಗಾಳಿಯಿಲ್ಲ, ಕೊಡೆ ಬಿಚ್ಚಿ ಫಲವಿಲ್ಲ. ಎಂಜಿನನ್ನು ಉರಿಸಿಯೇ ವೇಗವನ್ನು ಕೊಲ್ಲಬೇಕು. ಮೇಲಾಗಿ ಚಂದ್ರನನ್ನು ಸುತ್ತುವ ನೌಕೆ ಬರಿದೆ ಬೀಳುತ್ತಿರುವುದಿಲ್ಲ. ಸೆಕೆಂಡಿಗೆ ಸುಮಾರು 1,680 ಮೀಟರ್ ವೇಗದಲ್ಲಿ ಅಡ್ಡಲಾಗಿ ಧಾವಿಸುತ್ತಿರುತ್ತದೆ. ಆ ವೇಗದಲ್ಲಿ ಹೊರಟರೆ ದೆಹಲಿಯಿಂದ ಆಗ್ರಾ ಎರಡು ನಿಮಿಷದ ದಾರಿ!

ಹೊಸಬರೆಲ್ಲರೂ ಹೆದರಿ ಬೇಗನೆ ಎಂಜಿನ್ ಹಚ್ಚುತ್ತಾರೆ. ಎತ್ತರದಲ್ಲಿಯೇ ವೇಗ ಮುಗಿದು ನೌಕೆ ತೂಗಾಡುತ್ತದೆ. ಹಾಗೆ ತೂಗಾಡಿದ ಪ್ರತಿ ಸೆಕೆಂಡಿಗೂ 1.62 ಮೀಟರ್ ವೇಗವನ್ನು ತಡೆಯುವಷ್ಟು ಇಂಧನ ವ್ಯರ್ಥವಾಗುತ್ತದೆ. ಕೊನೆಗೆ ಅದು ಬರಿದಾಗಿ ನೌಕೆ ಕಲ್ಲಿನಂತೆ ಬೀಳುತ್ತದೆ. ತಡವಾಗಿ ಹಚ್ಚಿದವನ ಗತಿಯನ್ನು ಹೇಳಬೇಕಾಗಿಲ್ಲ. ಹೆಚ್ಚು ತಡೆದರೂ ಕೇಡು ಎಂಬ ಈ ಮಾತು ಆಟಕ್ಕೆ ಮಾತ್ರ ಸಲ್ಲುವುದೆಂದು ಯಾರೂ ತಿಳಿಯಬಾರದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ನೆಲಕ್ಕೆ ಅಪ್ಪಳಿಸಿತು. ಅದೇ ನವೆಂಬರಿನಲ್ಲಿ ಇಲ್ಲಿಯ ಲೋಕಸಭೆಗೆ ಸರ್ಕಾರವು ಕೊಟ್ಟ ಲಿಖಿತ ಉತ್ತರದಲ್ಲಿ, ಎರಡನೆಯ ಹಂತದಲ್ಲಿ ವೇಗವು ನಿಗದಿಗಿಂತ ಹೆಚ್ಚಾಗಿ ತಗ್ಗಿತೆಂದು ಹೇಳಿದೆ. ಎಂಜಿನುಗಳ ನೂಕುಬಲ ಎಣಿಸಿದುದಕ್ಕಿಂತ ಹೆಚ್ಚಾಗಿತ್ತೆಂದೂ, ಇಳಿಯಲು ಗೊತ್ತುಮಾಡಿದ ಸ್ಥಳ 500 ಮೀಟರ್ ಚದರದಷ್ಟೇ ಆಗಿತ್ತೆಂದೂ ಇಸ್ರೋ ಅಧ್ಯಕ್ಷರಾಗಿದ್ದ ಸೋಮನಾಥರು 2023ರಲ್ಲಿ ವಿವರಿಸಿದರು. ಆ ತಪ್ಪುಗಳನ್ನು ಒಂದೊಂದಾಗಿ ಓದಿಕೊಂಡೇ ಚಂದ್ರಯಾನ-3ನ್ನು ರೂಪಿಸಿದರು. ಸ್ಥಳವನ್ನು ನಾಲ್ಕು ಕಿಲೋಮೀಟರಿಗೆ ಎರಡೂವರೆ ಕಿಲೋಮೀಟರಿನಷ್ಟು ಹಿಗ್ಗಿಸಿದರು, ಕಾಲುಗಳನ್ನು ಬಲಪಡಿಸಿದರು, ವೇಗವನ್ನು ಅಳೆಯುವ ಹೊಸ ಲೇಸರ್ ಸಾಧನವನ್ನಿಟ್ಟರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದು ಇಳಿಯಿತು.

ಅದಕ್ಕೆ ಮುಂಚೆ ನಡೆದುದೆಲ್ಲವೂ ಒಂದು ಅರ್ಥದಲ್ಲಿ ಆಟವೇ. ಚಂದ್ರಯಾನ-2ರ ಸಿದ್ಧತೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನ ಕುಳಿಗಳನ್ನೇ ಹೋಲುವ ಕುಳಿಗಳನ್ನು ತೋಡಿದರು. ತಮಿಳುನಾಡಿನ ಸಿತ್ತಂಪೂಂಡಿಯ ಬಂಡೆಯನ್ನು ಪುಡಿ ಮಾಡಿಸಿ ಬೆಂಗಳೂರಿನಲ್ಲಿ ಚಂದ್ರನ ಮಣ್ಣನ್ನು ಹಾಸಿದರು. ಹಿರಿಯ ವಿಜ್ಞಾನಿಗಳಿಗೆ ಅಭ್ಯಾಸವೆನಿಸಿದ್ದು ಹುಡುಗರ ಕೈಯಲ್ಲಿ ಕಾಲಹರಣವೆನಿಸುವುದು ಏಕೆ? ಕಾರಣವಿಲ್ಲದೆ ಇಲ್ಲ. ಹುಡುಗರ ಆಟದಲ್ಲಿ ಹಿಂದಿನ ಸ್ಥಿತಿಗೆ ಮರಳಿಸುವ ಗುಂಡಿಯೊಂದುಂಟು. ನೌಕೆ ಮುರಿದೊಡನೆ ಅದನ್ನೊತ್ತಿದರೆ ಮುರಿದುದೇ ಸುಳ್ಳಾಗುತ್ತದೆ; ಏಕೆ ಮುರಿಯಿತೆಂದು ಕೇಳುವವರಿಲ್ಲ. ಇಪ್ಪತ್ತನೆಯ ಸಲ ಅದು ಇಳಿದರೆ ಇಳಿಸಿದ್ದು ವಿದ್ಯೆಯೋ ಅದೃಷ್ಟವೋ ಹೇಳುವುದು ಕಷ್ಟ. ಅಲ್ಲದೆ ಆ ಆಟದ ಚಂದ್ರ ಬಹಳ ಪುಟ್ಟದು. ತ್ರಿಜ್ಯ 200 ಕಿಲೋಮೀಟರ್ ಮಾತ್ರ, ನಿಜವಾದುದು 1,737. ಗುರುತ್ವ ಹೆಚ್ಚುಕಡಿಮೆ ಒಂದೇ ಆದರೂ ಕೊಲ್ಲಬೇಕಾದ ಅಡ್ಡವೇಗ ಮೂರನೆಯ ಒಂದು ಪಾಲಷ್ಟೆ. ಇದನ್ನು ತಿಳಿಯದೆ ಆಡಿ, ಇಸ್ರೋದವರಿಗೆ ಅಷ್ಟು ತಡವೇಕಾಯಿತೆಂದು ಕೇಳುವ ಜಾಣರೂ ಇದ್ದಾರೆ.

ಇನ್ನೂ ಒಂದು ಭೇದವುಂಟು. ಆಟದಲ್ಲಿ ಕೊನೆಯ ಕ್ಷಣದವರೆಗೂ ಕೈ ಗುಂಡಿಯ ಮೇಲಿರುತ್ತದೆ. ವಿಕ್ರಮನಿಗೆ ಹಾಗಿರಲಿಲ್ಲ. ಭೂಮಿಯಿಂದ ಚಂದ್ರನಿಗೆ ಸಂಕೇತ ಹೋಗಿ ಬರಲು ಎರಡೂವರೆ ಸೆಕೆಂಡು ಬೇಕು. ಅಷ್ಟರೊಳಗೆ ಆಗಬೇಕಾದುದು ಆಗಿಹೋಗಿರುತ್ತದೆ. ಕೊನೆಯ ಸುಮಾರು ಇಪ್ಪತ್ತು ನಿಮಿಷ ನೌಕೆ ತಾನೇ ಇಳಿಯಿತು. ಬೆಂಗಳೂರಿನ ಪೀಣ್ಯದ ಕೇಂದ್ರದಲ್ಲಿದ್ದವರು ತಾವು ಮೊದಲೇ ಬರೆದುಕೊಟ್ಟುದು ಸರಿಯೋ ತಪ್ಪೋ ಎಂದು ನೋಡುತ್ತ ಕುಳಿತಿರಬೇಕಾಯಿತು.

ಆದುದರಿಂದ ನಾನು ಸೂಚಿಸುವ ಕಟ್ಟುಪಾಡು ಇದು. ಪ್ರಯೋಗಶಾಲೆಯಲ್ಲಿ ಗಣಕಯಂತ್ರದ ಪಕ್ಕದಲ್ಲಿ ಒಂದು ದಪ್ಪ ಪುಸ್ತಕವಿರಲಿ. ಯಾವ ಎತ್ತರದಲ್ಲಿ ಎಂಜಿನ್ ಹಚ್ಚುವುದು, ಎಷ್ಟು ಹೊತ್ತು ಉರಿಸುವುದು, ಆಗ ಉಳಿಯುವ ವೇಗವೆಷ್ಟು ಎಂಬುದನ್ನು ವಿದ್ಯಾರ್ಥಿಯು ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ ಅದರಲ್ಲಿ ಬರೆಯತಕ್ಕದ್ದು. ಬರೆದಂತೆಯೇ ಇಳಿಸತಕ್ಕದ್ದು; ನಡುವೆ ಬದಲಿಸುವಂತಿಲ್ಲ. ಆದ ಫಲವನ್ನು ಎದುರು ಪುಟದಲ್ಲಿ ಬರೆದು, ವ್ಯತ್ಯಾಸಕ್ಕೆ ಕಾರಣ ಕೊಡುವವರೆಗೆ ಎರಡನೆಯ ಸರದಿಯಿಲ್ಲ. ಮೊದಲಿಗೆ ಸ್ಟೋರರನ ಹಳೆಯ ಆಟವೇ ಸಾಕು. ಅದಕ್ಕೆ ದೊಡ್ಡ ಯಂತ್ರವೂ ಬೇಡ, ಹಣವೂ ಬೇಡ. ವೇಗ, ವೇಗೋತ್ಕರ್ಷ, ಗುರುತ್ವಗಳ ಪಾಠ ಒಂಬತ್ತನೆಯ ತರಗತಿಯಲ್ಲಿ ಬರುವುದರಿಂದ ಆ ತರಗತಿಯವರೇ ಆರಂಭಿಸಲಿ. ಸುಖವಾಗಿ ಇಳಿದವರ ಪುಟಗಳ ಜೊತೆಗೆ ನೌಕೆ ಮುರಿದವರ ಪುಟಗಳೂ ಮುಂದಿನ ವರ್ಷದವರ ಓದಿಗೆ ಅಲ್ಲಿಯೇ ಇರಬೇಕು, ಯಾರೂ ಹರಿಯಕೂಡದು.