ವೇಗದ ಕಾರೂ ಮನೆಯ ಮಗುವೂ

ಕಳೆದ ತಿಂಗಳು ನಮ್ಮ ಸಂಘದ ಭಾನುವಾರದ ಕನ್ನಡ ಪಾಠಕ್ಕೆ ಬಂದಿದ್ದ ನಾಲ್ಕನೆಯ ತರಗತಿಯ ಹುಡುಗನೊಬ್ಬನು, "ಸಾರ್, ನಮ್ಮ ಅಪ್ಪನ ಕಾರು ನೂರನಲವತ್ತು ಮುಟ್ಟಿತು. ನಾನು ಮುಂದಿನ ಸೀಟಿನಲ್ಲೇ ಕೂತಿದ್ದೆ" ಎಂದು ಹೆಮ್ಮೆಯಿಂದ ಹೇಳಿದನು. ಉಳಿದ ಮಕ್ಕಳ ಕಣ್ಣುಗಳು ಅರಳಿದವು. ಧಾರಾಪುರಂನಿಂದ ಕಾಂಗೇಯಂ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ನಡೆದ ಸಾಹಸವಂತೆ ಅದು. ಅಂದಿನಿಂದ ನಮಗೆ ನೆಮ್ಮದಿಯಿಲ್ಲ.

ಹವ್ಯಾಸವನ್ನೇ ಹಳಿಯಲು ನಾವು ಲೇಖನಿ ಹಿಡಿದವರಲ್ಲ. "ಮಗು ಹುಟ್ಟಿತಲ್ಲ, ಇನ್ನು ಕಾರು ಮಾರಿಬಿಡು" ಎನ್ನುವ ಹಿರಿಯರ ಉಪದೇಶವೂ ನಮಗೆ ಒಪ್ಪಿಗೆಯಿಲ್ಲ. ನಮ್ಮ ಕೊಯಮತ್ತೂರು ಸೀಮೆ ಈ ವಿದ್ಯೆಗೆ ತವರು. ಫಾರ್ಮುಲಾ ಮಾರುತಿ ಎಂಬ ಪಂದ್ಯದ ಕಾರನ್ನು ರೂಪಿಸಿದ ಕರಿವರ್ಧನ್ ಇಲ್ಲಿಯವರು. ಅವರು 1995ರಲ್ಲಿ ತೀರಿಕೊಂಡರು. 2003ರಲ್ಲಿ ಚೆಟ್ಟಿಪಾಳಯಂ ಬಳಿ ತೆರೆದ ಓಟದ ಪಥ ಅವರ ಹೆಸರನ್ನೇ ಹೊತ್ತಿದೆ. 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೊಯಮತ್ತೂರಿನವರೇ. ಅವರ ತಂದೆ ಜಿ. ಆರ್. ಕಾರ್ತಿಕೇಯನ್ ಸ್ವತಃ ರ‍್ಯಾಲಿ ಚಾಂಪಿಯನ್. ತಂದೆಯ ಹವ್ಯಾಸವು ಮಗನಿಗೆ ವಿದ್ಯೆಯಾಗಿ ಒದಗಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ವಿದ್ಯೆಗೆ ಶಿರಸ್ತ್ರಾಣವುಂಟು, ನಿಯಮವುಂಟು, ಎದುರಿನಿಂದ ಯಾರೂ ಬಾರದಂತೆ ಮುಚ್ಚಿದ ಪಥವುಂಟು.

"ಬೆಳಗ್ಗೆ ರಸ್ತೆ ಖಾಲಿ" ಎನ್ನುತ್ತಾರೆ. ಯಾರಿಗೆ ಖಾಲಿ? ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳು, ತೋಟದಿಂದ ರಸ್ತೆಗೇರುವ ಕುರಿಹಿಂಡು, ಹಿಂದೀಪವಿಲ್ಲದ ಟ್ರಾಕ್ಟರು, ಎಲ್ಲವೂ ಹೊರಡುವುದು ಆ ಹೊತ್ತಿಗೇ. ಅಂದು ಪದ್ಯಪಾಠವನ್ನು ಬದಿಗಿಟ್ಟು ಮಕ್ಕಳೊಡನೆ ಒಂದು ಲೆಕ್ಕ ಮಾಡಿದೆವು. ಗಂಟೆಗೆ 70 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 19 ಮೀಟರ್ ಸಾಗುತ್ತದೆ. 140ರಲ್ಲಿ 39 ಮೀಟರ್. ಕಣ್ಣು ಕಂಡದ್ದನ್ನು ಕಾಲು ತಿಳಿದು ಬ್ರೇಕು ತುಳಿಯಲು ಅಷ್ಟು ಸಮಯ ಬೇಕು. ಬಳಿಕ, ಒಣಗಿದ ಒಳ್ಳೆಯ ರಸ್ತೆಯಲ್ಲಿ, 70ರ ಕಾರು ನಿಲ್ಲಲು ಸುಮಾರು 27 ಮೀಟರ್ ಸಾಕು. 140ರ ಕಾರಿಗೆ 108. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಹುಡುಗನು ಕರಿಹಲಗೆಯನ್ನೇ ನೋಡುತ್ತ ಕುಳಿತನು. ಬೆಲ್ಟು ಹಾಕಿಕೊಂಡಿದ್ದೆಯಾ ಎಂದು ಕೇಳಿದೆವು, ನಕ್ಕನು. ಹದಿನಾಲ್ಕರ ಕೆಳಗಿನ ಮಗುವನ್ನು ಬೆಲ್ಟು ಬಿಗಿಯದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ವಿಧಿಸುತ್ತದೆ. ದಂಡವೇನೋ ಕಟ್ಟಬಹುದು.

ಅವರ ಇನ್ನೊಂದು ವಾದ ನಮ್ಮನ್ನು ಹೆಚ್ಚು ಕೆಣಕುತ್ತದೆ: "ಮಗುವನ್ನೂ ಜೊತೆಗೆ ಕರೆದೊಯ್ಯುತ್ತೇವಲ್ಲ, ಹವ್ಯಾಸವೂ ಆಯಿತು, ಸಂಸಾರವೂ ಆಯಿತು." ಇದು ಸಂಸಾರವಲ್ಲ, ತನಗೊಬ್ಬ ಪ್ರೇಕ್ಷಕನನ್ನು ಕೂರಿಸಿಕೊಳ್ಳುವುದು. "ನನಗೆ ಭಯವಾಗುತ್ತದೆ, ನಿಲ್ಲಿಸಿ" ಎಂದು ತಂದೆಗೆ ಹೇಳಬಲ್ಲ ಎಂಟು ಒಂಬತ್ತರ ಮಗನೆಷ್ಟು ಜನ? ಮಗನು ಅಪ್ಪನ ಮೆಚ್ಚುಗೆಗಾಗಿ ಭಯವನ್ನು ನುಂಗುತ್ತಾನೆ.

ಮನೆಯಲ್ಲುಳಿದ ತಾಯಿಯ ಲೆಕ್ಕವನ್ನಂತೂ ಯಾರೂ ಮಾಡುವುದಿಲ್ಲ. ಭಾನುವಾರ ಐದರಿಂದ ಹನ್ನೊಂದರವರೆಗೆ ಗಂಡನಿಗೆ ರಸ್ತೆ, ಸಂಜೆ ಗ್ಯಾರೇಜು. ಹೊಸ ಟೈರಿಗೆ ಹಣ ಸಿಗುತ್ತದೆ, ಆಕೆಯ ಹೊಲಿಗೆ ಯಂತ್ರದ ರಿಪೇರಿ ಮುಂದಿನ ತಿಂಗಳಿಗೆ ಹೋಗುತ್ತದೆ. ಇದನ್ನು ಬರೆಯುವಾಗ ನಮ್ಮ ಮನೆಯವರು ಹಿಂದಿನಿಂದ ಇಣುಕಿ, "ಪತ್ರಿಕೆಯ ಕೆಲಸವೆಂದು ನೀವು ಹೋಗುವ ಭಾನುವಾರಗಳನ್ನೂ ಬರೆಯಿರಿ" ಎಂದರು. ಬರೆದಿದ್ದೇವೆ. ಬರುವ ತಿಂಗಳಿನಿಂದ ಎರಡು ಭಾನುವಾರ ನಮ್ಮವು, ಎರಡು ಅವರವು. ಅವರ ಭಾನುವಾರಗಳಂದು ಅಡಿಗೆ ನಮ್ಮದು.

ಕಾರಿನ ಮಿತ್ರರೂ ಹಾಗೆಯೇ ಮಾಡಲಿ. ತಿಂಗಳಿಗೊಮ್ಮೆ ಚೆಟ್ಟಿಪಾಳಯಂನಲ್ಲಿ ಅವಕಾಶವಿದ್ದಾಗ ಹಣ ಕಟ್ಟಿ ಓಡಿಸಲಿ, ಮಗನು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಲಿ; ಕಾಂಗೇಯಂ ರಸ್ತೆಯಲ್ಲಿ ಎಲ್ಲರಂತೆ ಹೋಗಲಿ. ಇದು ಅನ್ಯಾಯವೆಂದು ಆ ಹುಡುಗನ ತಂದೆಗೆ ತೋರಿದರೆ ಮುಂದಿನ ಸಂಚಿಕೆಗೆ ಉತ್ತರ ಬರೆಯಬಹುದು. ಒಂದಕ್ಷರವನ್ನೂ ಕತ್ತರಿಸದೆ ಅಚ್ಚುಹಾಕುತ್ತೇವೆ. ಉತ್ತರದಲ್ಲಿ ಆ 108 ಮೀಟರಿನ ಮಾತೂ ಇರಲಿ.