ತರಗತಿಯ ಬರವಣಿಗೆ ಮತ್ತು ಬ್ಲಾಗ್: ಘಟಪ್ರಭೆಯ ದಂಡೆಯ ನೆಲೆಯಿಂದ

ಪದವಿ ತರಗತಿಯ ಕನ್ನಡ ವಿದ್ಯಾರ್ಥಿಯ ಬರವಣಿಗೆಗೆ ಇರುವ ಓದುಗ ಒಬ್ಬನೇ, ಆತ ಪರೀಕ್ಷಕ. ಆತನೂ ಓದುವುದು ಅಂಕ ನೀಡುವುದಕ್ಕಾಗಿಯೇ ಹೊರತು ತಿಳಿಯುವುದಕ್ಕಾಗಿ ಅಲ್ಲ. ಬಲ್ಲವರಿಗೆ ಬಲ್ಲುದನ್ನೇ ಬರೆದೊಪ್ಪಿಸುವ ಈ ಕ್ರಮದಲ್ಲಿ ಗೈಡಿನ ವಾಕ್ಯವೇ ಸುರಕ್ಷಿತವೆನಿಸುವುದು ಸಹಜ. ಬ್ಲಾಗನ್ನು ಕಲಿಕೆಯ ಸಾಧನವಾಗಿ ಬಳಸಬೇಕೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆಯಾದರೂ ಚರ್ಚೆಯೆಲ್ಲ ಗಣಕಯಂತ್ರ, ಅಂತರಜಾಲ ಮೊದಲಾದ ಸೌಲಭ್ಯಗಳ ಸುತ್ತಲೇ ನಡೆದು, ಓದುಗನ ಪ್ರಶ್ನೆ ಹಿಂದೆ ಬಿದ್ದಿದೆ. ಬ್ಲಾಗಿನ ಶೈಕ್ಷಣಿಕ ಮಹತ್ವವಿರುವುದು ಈ ಪ್ರಶ್ನೆಯಲ್ಲಿಯೇ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲೂಕುಗಳನ್ನು ನಿದರ್ಶನವಾಗಿ ನೋಡಬಹುದು. (ಗೋಕಾಕ ಎಂದೊಡನೆ ಕನ್ನಡ ಅಧ್ಯಾಪಕರಿಗೆ 1982ರ ಚಳವಳಿ ನೆನಪಾಗುವುದುಂಟು, ಆದರೆ ವಿ. ಕೃ. ಗೋಕಾಕರ ಹುಟ್ಟೂರು ಸವಣೂರು.) ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಹೊರಟ ಘಟಪ್ರಭೆಯ ನೀರು ಗೋಕಾಕ ಜಲಪಾತದಲ್ಲಿ ಧುಮುಕಿ ಮೂಡಲಗಿ ಸೀಮೆಯ ಹಳ್ಳಿಗಳತ್ತ ಸಾಗುತ್ತದೆ. 2019ರ ಆಗಸ್ಟ್ ತಿಂಗಳ ಪ್ರವಾಹವೂ ಇದೇ ದಾರಿಯಲ್ಲಿ ಸಾಗಿತು. ಮೇಲಿನವರಿಗೆ ಅದು ಜಲಾಶಯ ತುಂಬಿ ಗೇಟು ತೆರೆದ ಸುದ್ದಿ. ಗೋಕಾಕದಲ್ಲಿ ಮನೆ, ಅಂಗಡಿಗಳಿಗೆ ನುಗ್ಗಿದ ನೀರು. ಕೆಳಗಿನ ಹಳ್ಳಿಗಳಲ್ಲಿ ಮುಳುಗಿದ ಬೆಳೆ. ನೀರಿನ ಮಟ್ಟ, ಪರಿಹಾರದ ಮೊತ್ತಗಳು ಕಡತಗಳಲ್ಲಿ ದೊರೆಯುತ್ತವೆ. ದನಗಳ ಕಣ್ಣಿ ಬಿಚ್ಚಿದವರು ಯಾರು, ಅಟ್ಟದ ಮೇಲೆ ಮೊದಲು ಏನನ್ನು ಏರಿಸಲಾಯಿತು ಎಂಬುದು ಕಡತಕ್ಕೆ ಬೇಡವಾದ ಸಂಗತಿ. ಅಂದು ಶಾಲೆಯಲ್ಲಿದ್ದ ಮಕ್ಕಳೇ ಇಂದಿನ ಪದವಿ ವಿದ್ಯಾರ್ಥಿಗಳು. ಹುಕ್ಕೇರಿಯ ವಿದ್ಯಾರ್ಥಿಯ ಬರಹವನ್ನು ಮೂಡಲಗಿಯ ವಿದ್ಯಾರ್ಥಿನಿ ಓದಿ, ತಮ್ಮ ಊರಿನಲ್ಲಿ ಆ ರಾತ್ರಿ ಹಾಗಿರಲಿಲ್ಲವೆಂದು ಬರೆದರೆ, ಮೊದಲ ಬರಹಗಾರ ತನ್ನ ವಾಕ್ಯವನ್ನು ಮರಳಿ ನೋಡಲೇಬೇಕಾಗುತ್ತದೆ. ಕೆಂಪು ಶಾಯಿಯ ತಿದ್ದುಪಡಿ ಉಂಟುಮಾಡದ ಎಚ್ಚರವನ್ನು ಈ ಒಂದು ಆಕ್ಷೇಪ ಉಂಟುಮಾಡಬಲ್ಲದು. ಕಾಲೇಜುಗಳ ಭಿತ್ತಿಪತ್ರಿಕೆ, ಕೈಬರಹದ ಪತ್ರಿಕೆಗಳು ದೊಡ್ಡ ಕೆಲಸವನ್ನೇ ಮಾಡಿವೆ. ಆದರೆ ಅವು ತಮ್ಮ ಗೋಡೆಯನ್ನು ದಾಟಲಾರವು.

ಭಾಷೆಯ ವಿಷಯವೂ ಇಲ್ಲಿ ಮುಖ್ಯ. ಅಜ್ಜಿ ಹೇಳಿದುದನ್ನು ಬರೆಯುವಾಗ 'ನೀರು ಬಂತು' ಎಂದೇ, 'ನೀರ ಬಂತ್ರಿ' ಎಂದೇ? ಶಿಷ್ಟಭಾಷೆಗೆ ತಿರುಗಿಸಿದರೆ ಅಜ್ಜಿ ಕಾಣೆಯಾಗುತ್ತಾಳೆ. ಎಲ್ಲವನ್ನೂ ಆಡುನುಡಿಯಲ್ಲಿ ಬರೆದರೆ ದೂರದ ಓದುಗ ಹಿಂಜರಿಯಬಹುದು. ಈ ಆಯ್ಕೆಯನ್ನು ವಿದ್ಯಾರ್ಥಿಯೇ ಮಾಡಬೇಕಾದಾಗ ಉಪಭಾಷೆಯ ಪಾಠ ಟಿಪ್ಪಣಿಯಾಗಿ ಉಳಿಯದೆ ಅನುಭವವಾಗುತ್ತದೆ. ಪಠ್ಯದಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ಓದುವ ತರಗತಿಗೆ, ಅದನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಬಸ್ಸಿನ ದಾರಿಯಷ್ಟೇ ದೂರ. ಹಿರಿಯ ಕಲಾವಿದರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸುವವರು ಬೇಕು. ಇದೇ ಸೀಮೆಯ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು ಜನಪದ ಗೀತೆಗಳನ್ನು ಸಂಗ್ರಹಿಸಿದವರು, 'ಜಯಂತಿ' ಪತ್ರಿಕೆಯನ್ನು ನಡೆಸಿದವರು. ಊರಿನ ನುಡಿಗೂ ದೂರದ ಓದುಗನಿಗೂ ನಡುವೆ ಸೇತುವೆ ಕಟ್ಟುವ ಕೆಲಸ ಹೊಸದೇನಲ್ಲ.

ಆಕ್ಷೇಪಗಳು ಇಲ್ಲದಿಲ್ಲ. ಎಲ್ಲ ವಿದ್ಯಾರ್ಥಿಗಳ ಬಳಿ ಮೊಬೈಲ್ ಇರುವುದಿಲ್ಲ. ಕಾಗದದಲ್ಲಿ ಬರೆದುದನ್ನು ಸಹಪಾಠಿ ಬೆರಳಚ್ಚು ಮಾಡಿದರೆ ಅದಕ್ಕೆ ಪರಿಹಾರವುಂಟು. ಯಂತ್ರವೇ ಪ್ರಬಂಧ ಬರೆದುಕೊಡುವ ಈ ಕಾಲದಲ್ಲಿ ಬ್ಲಾಗೂ ನಕಲಿನ ತಾಣವಾದೀತೆಂಬ ಭಯ ನಿಜವೇ. ಕುವೆಂಪು ಅವರ ಪ್ರಕೃತಿಪ್ರೇಮದಂತಹ ವಿಷಯ ಕೊಟ್ಟರೆ ಅದು ಖಂಡಿತ ಹಾಗೆಯೇ ಆಗುತ್ತದೆ. ಬರಹಗಳ ಸಂಖ್ಯೆಗೆ ಆಂತರಿಕ ಅಂಕ ನೀಡುವ ಪದ್ಧತಿಯಂತೂ ಕೂಡದು. ಅಂಕವೇನಿದ್ದರೂ ಮೊದಲ ಕರಡಿಗೂ ಎರಡನೆಯದಕ್ಕೂ ಇರುವ ವ್ಯತ್ಯಾಸಕ್ಕೆ ಸಲ್ಲಬೇಕು. ಇವೆಲ್ಲಕ್ಕಿಂತ ಗಂಭೀರವಾದುದು ಖಾಸಗಿತನ. ಮನೆಯ ಸಾಲ, ನೆರೆಯವರ ಜಗಳ, ಹೆಣ್ಣುಮಕ್ಕಳ ಹೆಸರು, ಭಾವಚಿತ್ರಗಳು ಬಹಿರಂಗವಾದರೆ ಮರಳಿ ಪಡೆಯಲಾಗದು. ಮೊದಲ ವರ್ಷ ಬರಹಗಳು ಮೂರು ಊರಿನ ತರಗತಿಗಳೊಳಗೇ ಇರಲಿ. ಹೊರಗಿಡುವಾಗ ಬರೆದವರ ಮತ್ತು ಹೇಳಿದವರ ಒಪ್ಪಿಗೆ ಇರಲಿ.

ಇನ್ನೊಂದು ಎಚ್ಚರ ಅಗತ್ಯ. ಅಕ್ಷರಗಳು ಯೂನಿಕೋಡಿನಲ್ಲಿಯೇ ಇರಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹ ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಉಚಿತ ತಾಣಗಳೂ ಶಾಶ್ವತವಲ್ಲ. ಯಾಹೂ ಸಂಸ್ಥೆ ತನ್ನ ಜಿಯೋಸಿಟೀಸ್ ಸೇವೆಯನ್ನು 2009ರಲ್ಲಿ ನಿಲ್ಲಿಸಿದಾಗ ಲಕ್ಷಾಂತರ ಪುಟಗಳು ಅಲ್ಲಿಂದ ಮರೆಯಾದವು. ವರ್ಷಾಂತ್ಯಕ್ಕೆ ಆಯ್ದ ಬರಹಗಳ ಮುದ್ರಿತ ಪ್ರತಿಯೊಂದನ್ನು ಮೂರೂ ಕಡೆಯ ಕಾಲೇಜು ಗ್ರಂಥಾಲಯಗಳಲ್ಲಿ ಇರಿಸುವ ಹೊಣೆಯನ್ನು ಕನ್ನಡ ವಿಭಾಗಗಳೇ ಹೊರಬೇಕು.