ಕೂರುತ್ತೆ ಬೇರೆ, ಹೊಂದುತ್ತೆ ಬೇರೆ!

ಅಲ್ಲಾ ಸ್ವಾಮಿ, ‘ಸೆಟ್ ಆಗುತ್ತೆ’ ಅನ್ನೋ ಮಾತಿಗೆ ಅರ್ಥವಾದರೂ ಏನು? ಮದರಾಸಿಗೆ ಬಂದು ಮೂವತ್ತು ವರ್ಷವಾಯ್ತು. ಹಳೇ ಕಾರಿಟ್ಟುಕೊಂಡವನಿಗೆ ಇಲ್ಲಿ ಇದಕ್ಕಿಂತ ದುಬಾರಿ ಮಾತು ಇನ್ನೊಂದಿಲ್ಲ.

ನನ್ನದು 1984ರ ಅಂಬಾಸಡರ್ ಮಾರ್ಕ್ 4. ಅಪ್ಪ ಶಿವಮೊಗ್ಗದಲ್ಲಿ ಓಡಿಸುತ್ತಿದ್ದದ್ದು, ಹಾಗಾಗಿ ‘ಗುಜರಿಗೆ ಹಾಕಿ’ ಅನ್ನಬೇಡಿ. ಬಿಎಂಸಿ ವಿನ್ಯಾಸದ 1489 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕ. ಬೇರೆ ಎಂಜಿನ್ ಕೇಳಿದರೆ ವ್ಯಾಪಾರಿಯೊಬ್ಬ ತೋರಿಸಿದ್ದು 90ರ ದಶಕದ ಐಸುಜು 1817 ಸಿಸಿ. ಅದಕ್ಕೆ ಫ್ಯಾಕ್ಟರಿಯವರೇ ಕೊಟ್ಟದ್ದು ಐದು ಗೇರು, ಕಡ್ಡಿ ನೆಲದಲ್ಲಿ. ‘ಅದೂ ಅಂಬಾಸಡರ್, ಇದೂ ಅಂಬಾಸಡರ್. ಎಲ್ಲಾಂ ಸೆಟ್ ಆಯಿಡುಂ ಸಾರ್!’ ಅಳತೆ ಟೇಪು ತೆಗೆದರೆ ‘ನಂಬಿಕ್ಕೈ ಇಲ್ಲಿಯಾ?’ ಅಂತ ಸಿಟ್ಟು ಬೇರೆ.

ಏನೇನು ಸೆಟ್ ಆಗಬೇಕು ಕೇಳಿ. ಹಳೇ ಗೇರ್‌ಬಾಕ್ಸ್ ಈ ಎಂಜಿನ್ನಿಗೆ ಕೂಡಲ್ಲ, ಹೊಸದು ತರಬೇಕು. ತಂದರೆ ಕಡ್ಡಿಗೆ ನೆಲದಲ್ಲಿ ತೂತು ಕೊರೆಯಬೇಕು. ಅದರ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಬದಲಿಸಬೇಕು, ಇಲ್ಲವೇ ಕತ್ತರಿಸಿ ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡಿಸಬೇಕು. ಇಲ್ಲದಿದ್ದರೆ ಗಾಡಿಯೇ ನಡುಗುತ್ತೆ. ಮೌಂಟಿಂಗ್, ಕ್ಲಚ್, ರೇಡಿಯೇಟರ್ ಪೈಪು, ಸೈಲೆನ್ಸರ್, ಸ್ಪೀಡೋಮೀಟರ್ ಕೇಬಲ್... ಎತ್ತು ಏರಿಗೆಳೆದರೆ ಕೋಣ ನೀರಿಗೆ!

ಬೋಲ್ಟಿನ ಕಥೆ ಇನ್ನೂ ಮಜಾ. ಹಳೇ ಎಂಜಿನ್ನಿನದು ಇಂಚಿನ ಲೆಕ್ಕ, ಐಸುಜುದು ಮಿಲಿಮೀಟರ್. 5/16 ಇಂಚು ಅಂದರೆ 7.94 ಮಿ.ಮೀ., ಕಣ್ಣಿಗೆ 8 ಮಿ.ಮೀ. ಬೋಲ್ಟೇ. ಆದರೆ ಥ್ರೆಡ್ಡಿನ ಅಂತರ ಒಂದರಲ್ಲಿ ಸುಮಾರು 1.06 ಮಿ.ಮೀ., ಇನ್ನೊಂದರಲ್ಲಿ 1.25. ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿಯುತ್ತೆ, ಬಲ ಹಾಕಿದರೆ ಥ್ರೆಡ್ಡೇ ಹಾಳು. ‘ಕೂರುತ್ತೆ’ಗೂ ‘ಹೊಂದುತ್ತೆ’ಗೂ ಇರೋ ವ್ಯತ್ಯಾಸ ಇಷ್ಟೇ ಸ್ವಾಮಿ.

‘ಅಡ್ಜಸ್ಟ್ ಮಾಡೋದೇ ನಮ್ಮವರ ಜಾಣತನ’ ಅನ್ನೋರಿದ್ದಾರೆ. ನಮ್ಮ ರಾಯಪುರಂ ಪಕ್ಕದ ಕಾಸಿಮೇಡಿನ ದೋಣಿಗಳಲ್ಲೂ ಲಾರಿ ಕುಲದ ಎಂಜಿನ್‌ಗಳಿವೆ. ಆದರೆ ಸಮುದ್ರಕ್ಕೆ ತಕ್ಕ ಗೇರ್‌ಬಾಕ್ಸು, ಕೂಲಿಂಗು ಜೋಡಿಸಿಯೇ ಇಳಿಸ್ತಾರೆ. ಅದು ಜಾಣತನ. ಗಿರಾಕಿ ಕಿವಿಗೆ ಹೂವಿಡೋದು ಜಾಣತನವಲ್ಲ. ಕೊನೆಗೆ ಬೈಗುಳ ತಿನ್ನೋದು, ಎರಡು ದಿನದ ಕೂಲಿಗೆ ನಾಲ್ಕು ದಿನ ದುಡಿಯೋ ಬಡ ಮೆಕ್ಯಾನಿಕ್!

ಕಾನೂನಿಗಾದರೂ ವ್ಯತ್ಯಾಸ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕನಿಷ್ಠ ಹತ್ತು ಸಾರಿಗೆ ವಾಹನ ಉಳ್ಳವರಿಗೆ ಅನುಮತಿಯಿಲ್ಲದೆ ಎಂಜಿನ್ ಬದಲಿಸುವ ಅವಕಾಶವನ್ನು ರಾಜ್ಯ ಸರ್ಕಾರ ಕೊಡಬಹುದು ಅನ್ನುತ್ತೆ. ಅದೂ ‘ಅದೇ ತಯಾರಿಕೆ, ಅದೇ ಬಗೆ’ಯ ಎಂಜಿನ್ ಆದರೆ ಮಾತ್ರ. ಒಂದೇ ಕಾರಿನ ನಮ್ಮಂಥವರಿಗೆ ಆ ವಿನಾಯಿತಿಯೂ ಇಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಮಾನ್ಯತೆ ಬೇಕಾದರೆ ಎಂಜಿನ್ ಮಾರ್ಪಾಡಾಗಿರಬಾರದು. ಇವತ್ತು ‘ಸೆಟ್’ ಮಾಡಿದರೆ 2034ರಲ್ಲಿ ನನ್ನ ಕಾರಿಗೆ ಆ ಬಾಗಿಲೂ ಬಂದ್.

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. 2017ರಲ್ಲಿ ಆ ಹೆಸರು 80 ಕೋಟಿಗೆ ಪೂಜೋ ಕಂಪನಿಗೆ ಮಾರಾಟವಾಯಿತು. ಹೆಸರಿಗೆ ಅಷ್ಟು ಬೆಲೆ ಇರಬಹುದು, ಹೆಸರಿನಿಂದ ಬೋಲ್ಟ್ ಬಿಗಿಯಾಗುತ್ತಾ?

ನಾನು ಕೇಳೋದಿಷ್ಟೇ. ಎಂಜಿನ್ ನಂಬರು, ಯಾವ ವರ್ಷದ ಯಾವ ಮಾಡೆಲ್ಲಿನಿಂದ ಇಳಿಸಿದ್ದು, ಜೊತೆಗೆ ಏನೇನು ಬೇಕು – ಬಿಲ್ಲಿನಲ್ಲಿ ಬರೆದುಕೊಡಿ. ಒಂದು ಬಾಲ್‌ಪೆನ್ ಸಾಕು. ಬರೆಯಲ್ಲ ಅಂದರೆ ದುಡ್ಡು ಕೊಡಬೇಡಿ, ಸುಮ್ಮನೆ ವಾಪಸ್ ಬನ್ನಿ.

ಏನಂತೀರಿ?